ದುರಸ್ತಿಯಲ್ಲಿ ಉಳಿಸಬೇಕಾದದ್ದು ಏನನ್ನು?

ಹಳೆಯ ವಸ್ತುವನ್ನು ದುರಸ್ತಿ ಮಾಡುವಾಗ ನಾವು ಕಾಪಾಡಬೇಕಾದದ್ದು ಅದರ ಹಳೆಯತನವನ್ನೇ, ಅದನ್ನು ಬಳಸುವ ಕೈಯನ್ನೇ?

ಅಮೆರಿಕದ ಲಯನೆಲ್ ಕಂಪೆನಿ 1948ರಲ್ಲಿ ಹೊರತಂದ 'ಝಡ್‌ಡಬ್ಲ್ಯೂ' ಎಂಬ ಆಟಿಕೆ ರೈಲಿನ ವೇಗ ನಿಯಂತ್ರಕವನ್ನೇ ನೋಡಿ. ಒಂದೇ ಪೆಟ್ಟಿಗೆಯಿಂದ ನಾಲ್ಕು ರೈಲುಗಳನ್ನು ಓಡಿಸಬಲ್ಲ ಅದು ಇಂದಿಗೂ ಸಂಗ್ರಾಹಕರಿಗೆ ಪ್ರಿಯ. ಹಿಡಿ ತಿರುಗಿಸಿದಾಗ ಒಳಗೆ ಇಂಗಾಲದ ಪುಟ್ಟ ಉರುಳೆ ತಾಮ್ರದ ಸುರುಳಿಯ ಮೇಲೆ ಉರುಳುತ್ತದೆ. ಅದು ಸವೆದರೆ ರೈಲು ತಡವರಿಸುತ್ತದೆ, ಸುರುಳಿಯ ಮೇಲೆ ಗೀರು ಬೀಳುತ್ತದೆ. ದೋಷ ಕಣ್ಣಿಗೆ ಕಾಣುವುದರಿಂದ ಉರುಳೆಯನ್ನು ತಕ್ಷಣ ಬದಲಾಯಿಸುತ್ತೇವೆ. ಆದರೆ ಗೋಡೆಯಿಂದ ವಿದ್ಯುತ್ ತರುವ ತಂತಿಯ ಹೊದಿಕೆ ಬಿರುಕು ಬಿಟ್ಟಿದ್ದರೆ? ರೈಲೇನೋ ಚೆನ್ನಾಗಿಯೇ ಓಡುತ್ತದೆ. 'ಮೂಲ ತಂತಿ' ಎಂಬ ಹೆಮ್ಮೆಯೂ ಉಳಿಯುತ್ತದೆ. ಹಳಿಯಲ್ಲಿರುವುದು ಹೆಚ್ಚೆಂದರೆ ಸುಮಾರು 20 ವೋಲ್ಟ್. ಆ ತಂತಿಯಲ್ಲಿರುವುದು ಸುಮಾರು 120. ಆಡುವ ಮಗುವಿಗೆ ಈ ವ್ಯತ್ಯಾಸ ತಿಳಿಯದು, ನಮಗೆ ತಿಳಿದಿದೆ. ಹೊಣೆ ತಿಳಿದವರದ್ದೇ.

ಹಿರಿಯರು ಬಿಟ್ಟುಹೋದದ್ದನ್ನು ಗೌರವಿಸುವುದೆಂದರೆ ಅದರ ಬಿರುಕುಗಳನ್ನೂ ಜತನ ಮಾಡುವುದಲ್ಲ. ತಂತಿಯನ್ನು ಬದಲಾಯಿಸೋಣ. ಮಾರುವ ದಿನ ಬಂದರೆ, ಬದಲಾಯಿಸಿದ್ದೇವೆ ಎಂಬುದನ್ನೂ ಮುಚ್ಚಿಡದೆ ಹೇಳೋಣ. ಬೆಲೆ ಸ್ವಲ್ಪ ಇಳಿಯಬಹುದು. ಮಗುವಿನ ಕೈ ಸುರಕ್ಷಿತವಾಗಿರುತ್ತದೆ.