ನಿಂತುಹೋದವರಿಗೂ ಸಾಕ್ಷಿ ಇದೆಯಾ?

ಎಲಿಯುಡ್ ಕಿಪ್ಚೊಗೆ ಗೊತ್ತಲ್ಲ? 2019ರಲ್ಲಿ ವಿಯೆನ್ನಾದಲ್ಲಿ ಮ್ಯಾರಥಾನ್ ದೂರವನ್ನು ಎರಡು ಗಂಟೆಯೊಳಗೆ ಓಡಿದ ಕೆನ್ಯಾದವರು. ಯೂತ್ ಮೀಟಿಂಗ್‌ಗಳಲ್ಲಿ ಆ ವಿಡಿಯೋ ಎಷ್ಟು ಸಲ ನೋಡಿದ್ದೀವೋ! ಅದೇ ಮನುಷ್ಯ 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಸುಮಾರು 30 ಕಿ.ಮೀ. ಹೊತ್ತಿಗೆ ನೋವಿನಿಂದ ನಿಂತುಬಿಟ್ಟರು. ಇದು ನನ್ನ ಅತ್ಯಂತ ಕೆಟ್ಟ ಮ್ಯಾರಥಾನ್ ಅಂತ ಅವರೇ ಹೇಳಿಕೊಂಡರು. ಅದನ್ನು ಯಾರೂ ತೋರಿಸಲ್ಲ.

ನಮ್ಮ ಸಾಕ್ಷಿ ಸಮಯವೂ ಹಾಗೇ. ಕೆಲಸ ಸಿಕ್ಕವರು, ವೀಸಾ ಬಂದವರು ಮೈಕ್ ಹಿಡೀತಾರೆ. ಕೆಲಸ ಹೋದವರು ಹಿಂದಿನ ಸಾಲಿನಲ್ಲಿ ಕೂತಿರ್ತಾರೆ.

ನಿಂತುಹೋಗೋದು ಅವಿಶ್ವಾಸವಾ? ಎಲೀಯನು ಜಾಲೀಗಿಡದ ಕೆಳಗೆ ಸಾಕು ಅಂತ ಮಲಗಿಬಿಟ್ಟ. (ಕರ್ಮೆಲಿನ ಜಯ ಆದ ಮೇಲೆ, ಗಮನಿಸಿ.) ದೇವರು ಗದರಿಸಲಿಲ್ಲ. ರೊಟ್ಟಿ, ನೀರು ಕಳಿಸಿದರು. ತಿಂದು ಮತ್ತೆ ಮಲಗಿದಾಗಲೂ ಸುಮ್ಮನಿದ್ದರು.

ಮುಂದಿನ ಭಾನುವಾರ ಹಿಂದಿನ ಸಾಲಿನವರಿಗೂ ಮೈಕ್ ಕೊಡೋಣ. ಕೊನೆಗೆ ಏನಾಯ್ತು ಅಂತ ಮಾತ್ರ ಕೇಳಬೇಡಿ.