ಸೇರಿಸಬಹುದು, ತಿದ್ದಬಾರದು

ಕಚೇರಿಗಳ ಹಂಚಿಕೆಯ ಫೋಲ್ಡರ್‌ಗಳಲ್ಲಿ ಒಂದು ವ್ಯವಸ್ಥೆ ಉಂಟು: ಯಾರು ಬೇಕಾದರೂ ಹೊಸ ಕಡತ ಸೇರಿಸಬಹುದು, ಹಳೆಯದನ್ನು ಓದಬಹುದು, ತಿದ್ದುವ, ಅಳಿಸುವ ಅನುಮತಿ ಮಾತ್ರ ಇಲ್ಲ. ಶ್ರದ್ಧೆಯ ಗ್ರಂಥಗಳಿಗೂ ಇಂಥ ಕಟ್ಟು ಬೇಕೆ?

ವಚನಲೋಕದಲ್ಲಿ ಈ ಪ್ರಶ್ನೆ ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿದೆ. ಮಾತೆ ಮಹಾದೇವಿಯವರು ‘ಬಸವ ವಚನ ದೀಪ್ತಿ’ಯಲ್ಲಿ ಬಸವಣ್ಣನ ‘ಕೂಡಲಸಂಗಮದೇವ’ ಅಂಕಿತದ ಜಾಗಕ್ಕೆ ‘ಲಿಂಗದೇವ’ವನ್ನು ತಂದರು. 1998ರಲ್ಲಿ ರಾಜ್ಯ ಸರ್ಕಾರ ಪುಸ್ತಕವನ್ನು ಮುಟ್ಟುಗೋಲು ಹಾಕಿಕೊಂಡಿತು. 2017ರಲ್ಲಿ ಸುಪ್ರೀಂ ಕೋರ್ಟ್ ಆ ಕ್ರಮವನ್ನು ಎತ್ತಿಹಿಡಿಯಿತು. ಪುಸ್ತಕವೊಂದನ್ನು ನಿಷೇಧಿಸಬೇಕೇ ಎಂಬ ಚರ್ಚೆ ಬೇರೆ. ಆದರೆ ಅಂಕಿತವೆಂದರೆ ವಚನಕಾರನ ಗುರುತು. ಭಕ್ತಿ ಎಷ್ಟೇ ಆಳವಾಗಿರಲಿ, ಆ ಗುರುತನ್ನು ಬದಲಿಸುವ ಹಕ್ಕು ಅದರಿಂದ ಬಾರದು.

ಶರಣರ ವಚನಗಳನ್ನು ಸಂವಾದವಾಗಿ ಹೆಣೆದ ಶೂನ್ಯಸಂಪಾದನೆಯ ದಾರಿ ಹೆಚ್ಚು ಉದಾರವಾದದ್ದು. ಶಿವಗಣಪ್ರಸಾದಿ ಮಹಾದೇವಯ್ಯನ ಕೃತಿಯ ನಂತರ ಹಲಗೆಯಾರ್ಯ, ಗುಮ್ಮಳಾಪುರದ ಸಿದ್ಧಲಿಂಗಯತಿ, ಗೂಳೂರು ಸಿದ್ಧವೀರಣ್ಣೊಡೆಯ ಮೂವರೂ ತಂತಮ್ಮ ಹೆಸರಿನಲ್ಲೇ ಹೊಸ ಸಂಪಾದನೆ ಕಟ್ಟಿದರು.

ಅವರ ನಡುವಿನ ಭಿನ್ನಾಭಿಪ್ರಾಯ ಸಣ್ಣದೇನಾಗಿರಲಿಲ್ಲ. ಶರಣ ಸಿದ್ಧರಾಮನಿಗೆ ಇಷ್ಟಲಿಂಗದೀಕ್ಷೆಯಾಗುವ ಪ್ರಸಂಗವನ್ನು ಸೇರಿಸಿದವನು ಗುಮ್ಮಳಾಪುರದ ಯತಿ. ಹಳೆಯ ಕೃತಿಗಳೂ ಉಳಿದುಬಂದಿರುವುದರಿಂದಲೇ ವಾದ ಎಲ್ಲಿ ತಿರುವು ಪಡೆಯಿತೆಂದು ಇಂದಿನ ಓದುಗ ನಾಲ್ಕನ್ನೂ ಪಕ್ಕಪಕ್ಕ ಇಟ್ಟು ನೋಡಬಲ್ಲ.