ಅಮೃತಮತಿಯ ಉತ್ತರ

ತರೀಕೆರೆ ತಾಲ್ಲೂಕಿನ ಅಮೃತಾಪುರಕ್ಕೆ ಹೋದವರು ಅಮೃತೇಶ್ವರನ ಗುಡಿಯ ಕೆತ್ತನೆಗೆ ಮೈಮರೆಯುತ್ತಾರೆ. ಮುಖಮಂಟಪದ ಬಳಿ ನಿಂತ ದೊಡ್ಡ ಶಾಸನಕ್ಕೂ ಅಷ್ಟೇ ಹೊತ್ತು ಕೊಡಬೇಕು. ಇಮ್ಮಡಿ ವೀರಬಲ್ಲಾಳನ ಕಾಲದಲ್ಲಿ, 1196ರಲ್ಲಿ ಕಟ್ಟಿದ ಈ ಗುಡಿಯ ಶಾಸನಪದ್ಯಗಳು ಜನ್ನನವು. ಅವನೇ 1209ರಲ್ಲಿ ‘ಯಶೋಧರ ಚರಿತೆ’ ಬರೆದ. ಸಾಹಿತ್ಯ ಬಲ್ಲವರ ಬಾಯಲ್ಲಿ ಗಾದೆಯಂತೆ ಉಳಿದಿರುವ ಒಂದು ಕಂದಪದ್ಯ ಅದರಲ್ಲಿದೆ. ಪುಟ್ಟ ಪ್ರೇಮಕವಿತೆಗಳಲ್ಲಿ ಇಷ್ಟು ದಿಟ್ಟವಾದದ್ದನ್ನು ನಾನು ಬೇರೆ ಓದಿಲ್ಲ.

ಬೆಳಗಿನ ಜಾವ ಮಾವುತ ಅಷ್ಟಾವಂಕನ ಹಾಡು ಕೇಳಿ ರಾಣಿ ಅಮೃತಮತಿ ಮನಸೋಲುತ್ತಾಳೆ. ನೋಡಿಬರಲು ಹೋದ ಕೆಳದಿ ಅವನ ಕುರೂಪಕ್ಕೆ ಹೇಸಿ ಹಿಂದಿರುಗುತ್ತಾಳೆ. ಅವಳಿಗೆ ರಾಣಿ ಕೊಡುವ ಉತ್ತರವೇ ಈ ಪದ್ಯ. ಒಲಿದದ್ದಾಯಿತು, ಇನ್ನು ಚೆಲುವಿನ ಮಾತೇಕೆ? ಕೆಲಸ ಕೈಗೂಡಿದ ಮೇಲೆ ಕಾರಣ ಹುಡುಕಿ ಆಗಬೇಕಾದ್ದೇನು? ಹೀಗೆ ತರ್ಕ ಹೂಡಿ, ಕೊನೆಗೆ ಅವನೇ ತನಗೆ ಕುಲದೈವ, ಕಾಮದೇವ, ಇಂದ್ರ, ಚಂದ್ರ ಎಂದು ಅವನನ್ನು ದೇವತೆಗಳ ಸಾಲಿಗೇ ಸೇರಿಸುತ್ತಾಳೆ.

ಕಂದ ಬಲು ಬಿಗಿಯಾದ ಛಂದಸ್ಸು. ನಾಲ್ಕು ಮಾತ್ರೆಯ ಗಣಗಳು ಸಾಲಿಗೆ ಮೂರು, ಐದು, ಮೂರು, ಐದು. ಒಟ್ಟು 64 ಮಾತ್ರೆ. ಪ್ರತಿ ಸಾಲಿನ ಎರಡನೆಯ ಅಕ್ಷರದಲ್ಲಿ ಪ್ರಾಸ; ಇಲ್ಲಿ ಅದು ಲಕಾರ. ಒಲವು, ಫಲ, ಕುಲ ಮೂರನ್ನೂ ಆ ಲಕಾರ ಒಂದೇ ದಾರಕ್ಕೆ ಪೋಣಿಸುತ್ತದೆ. ರಾಣಿ ಮೀರುತ್ತಿರುವುದು ಕುಲವನ್ನೇ. ಅವಳ ಬಾಯಲ್ಲಿ ಆ ಪದ ದೈವದ ಜೊತೆ ಕೂಡಿಕೊಂಡು ಮಾವುತನಿಗೆ ಸಲ್ಲುತ್ತದೆ. ಮೊದಲ ಸಾಲಿನ ತುದಿಯಲ್ಲಿ ‘ಕೋಟಲೆ’ ಎಂಬ ಪದ ಮುರಿಯುತ್ತದೆ: ಒಂದಕ್ಷರ ಮೇಲೆ, ಉಳಿದೆರಡು ಕೆಳಗೆ. ಹಳಗನ್ನಡ ಪದ್ಯದಲ್ಲಿ ಇದು ಮಾಮೂಲು. ಆದರೂ ರೂಪದ ಕೋಟಲೆಯೇ ಹೋಳಾಗಿ ಬೀಳುವುದು ಎಷ್ಟು ಸೊಗಸು!

ಪದ್ಯದ ನಡೆಯನ್ನೂ ಕೇಳಬೇಕು. ಮೊದಲ ಸಾಲಿನ ಮೂರು ಗಣಗಳಲ್ಲೂ ಎರಡು ಲಘು, ಒಂದು ಗುರು, ಹಗುರಾದ ಹೆಜ್ಜೆ. ಕೊನೆಯ ಎರಡು ಗಣಗಳಲ್ಲಿ ಬರೀ ಗುರು. ಇಂದ್ರನೂ ಚಂದ್ರನೂ ಒತ್ತಕ್ಷರದ ಭಾರ ಹೊತ್ತು ಬಂದು ಕೂರುತ್ತಾರೆ. ರಾಣಿಯ ಮನಸ್ಸು ಗಟ್ಟಿಯಾದದ್ದು ಅಲ್ಲಿ ಗೊತ್ತಾಗುತ್ತದೆ. ಪ್ರತಿ ಅರ್ಧದ ಆರನೆಯ ಗಣ ಜಗಣವೋ ಸರ್ವಲಘುವೋ ಆಗಲೇಬೇಕೆಂಬುದು ನಿಯಮ. ಉತ್ತರಾರ್ಧದಲ್ಲಿ ಆ ಜಗಣ, ಲಘು-ಗುರು-ಲಘುವಿನ ಆ ಏರಿಳಿತ, ಬೀಳುವುದು ಕಾಮದೇವನ ಹೆಸರಿನೊಳಗೇ.

ಮುಂದೆ ಇದೇ ಅಮೃತಮತಿ ಗಂಡನಿಗೂ ಅತ್ತೆಗೂ ವಿಷವಿಕ್ಕುತ್ತಾಳೆ. ಕಥೆ ಅವಳನ್ನು ನರಕಕ್ಕೆ ಕಳಿಸುತ್ತದೆ. ಜೀವದಯೆಯೇ ಧರ್ಮವೆಂದ ಜೈನಕವಿ, ಈ ಪದ್ಯದಲ್ಲಿ ಮಾತ್ರ ಅವಳ ಮಾತಿನ ನಡುವೆ ಬಾಯಿ ಹಾಕಿಲ್ಲ.